ಐದು ರೂಪಾಯಿ ರೈಲು ಕೊನೆಗೆ ಬಂತು

ಹೈದರಾಬಾದಿನ ಕಾಚಿಗುಡದಲ್ಲಿ ನಾಲ್ಕು ಮಂದಿ ಕನ್ನಡಿಗರು ಸೇರಿದರೆ ಮಾತು ಎಲ್ಲಿಂದ ಶುರುವಾದರೂ ಟ್ರಾಫಿಕ್ಕಿಗೆ ಬಂದು ನಿಲ್ಲುತ್ತದೆ. ಸಾಹಿತ್ಯ ಮಂದಿರದ ಕಾರ್ಯಕ್ರಮಕ್ಕೆ ತಡವಾಗಿ ಬಂದವರು ಬೆವರು ಒರೆಸಿಕೊಳ್ಳುತ್ತ, "ಕೊರೊನಾ ಬಂದು ಹೋದ ಮ್ಯಾಲ ಮಂದಿ ಓಡಾಟನೇ ಬದಲಾತು ನೋಡ್ರಿ" ಎನ್ನುತ್ತಾರೆ. ಉಳಿದವರು ಹೌದೆಂದು ತಲೆಯಾಡಿಸುತ್ತಾರೆ. ಯಾವ ಮಂದಿ, ಯಾರ ಓಡಾಟ ಎಂದು ಕೇಳುವವರಿಲ್ಲ. ನಾನೂ ಕೇಳಿದವನಲ್ಲ. 2020ರಲ್ಲಿ ಹೆದರಿಕೆಯಿಂದ ಹಳೆಯ ಸ್ಕೂಟರೊಂದನ್ನು ಕೊಂಡು, ಬಸ್ಸಿನ ಸಹವಾಸ ಬಿಟ್ಟವರ ಪೈಕಿ ನಾನೂ ಒಬ್ಬ.

ಆ ವರ್ಷದ ತಾರೀಖುಗಳನ್ನು ಸಾಲಾಗಿ ಬರೆದುಕೊಂಡಾಗಲೇ ನನಗೆ ಬೇರೆ ಚಿತ್ರ ಕಂಡದ್ದು. ಮಾರ್ಚ್ 22ರ ಜನತಾ ಕರ್ಫ್ಯೂ ಹೊತ್ತಿಗೆ ಬಸ್ಸು, ಮೆಟ್ರೊ, ಲೋಕಲ್ ರೈಲು ಎಲ್ಲ ಒಟ್ಟಿಗೆ ನಿಂತವು. ತೆರೆದದ್ದು ಮಾತ್ರ ಒಟ್ಟಿಗಲ್ಲ. ಮೇ 6ಕ್ಕೆ ಮದ್ಯದಂಗಡಿ. ಮೇ 19ಕ್ಕೆ ಆಟೊ, ಟ್ಯಾಕ್ಸಿ, ಜಿಲ್ಲೆಗಳ ಬಸ್ಸು. ಮೇ 25ಕ್ಕೆ ವಿಮಾನ. ಸೆಪ್ಟೆಂಬರ್ 7ಕ್ಕೆ ಮೆಟ್ರೊ. ಸೆಪ್ಟೆಂಬರ್ 25ಕ್ಕೆ ಸಿಟಿ ಬಸ್ಸು, ಅದೂ ನಾಲ್ಕರಲ್ಲಿ ಒಂದು ಭಾಗ ಮಾತ್ರ. ಎಲ್ಲಕ್ಕಿಂತ ಅಗ್ಗದ ಎಂಎಂಟಿಎಸ್ ಲೋಕಲ್ ರೈಲು ಬಂದದ್ದು 2021ರ ಜೂನ್ 23ಕ್ಕೆ, ನಿಂತು ಹದಿನೈದು ತಿಂಗಳಾದ ಮೇಲೆ. ಅದರ ಕನಿಷ್ಠ ಟಿಕೆಟ್ ಐದು ರೂಪಾಯಿ.

ಈ ಸಾಲನ್ನು ಪಕ್ಕದಲ್ಲಿಟ್ಟುಕೊಂಡು, ನಮ್ಮ ನಡುವೆ ಓಡಾಡುತ್ತಿರುವ ಕೆಲವು ಮಾತುಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ಸೋಂಕು ಹಬ್ಬಿಸಿದ್ದೇ ಬಸ್ಸು. ಅದನ್ನು ನಿಲ್ಲಿಸಿದ್ದರಿಂದ ಊರು ಉಳಿಯಿತು.

ಈ ಅನುಮಾನಕ್ಕೆ ಒಂದು ಮೂಲವಿದೆ. 2020ರ ಮಾರ್ಚ್ 2ರಂದು ತೆಲಂಗಾಣದಲ್ಲಿ ಪತ್ತೆಯಾದ ಮೊದಲ ಸೋಂಕಿತ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್. ದುಬೈನಿಂದ ಬೆಂಗಳೂರಿಗೆ ವಿಮಾನದಲ್ಲಿ ಬಂದು, ಅಲ್ಲಿಂದ ಹೈದರಾಬಾದಿಗೆ ಬಸ್ಸಿನಲ್ಲಿ ಬಂದವರು. ಪತ್ರಿಕೆಗಳಲ್ಲಿ ವಿಮಾನಕ್ಕಿಂತ ಬಸ್ಸೇ ದೊಡ್ಡ ಸುದ್ದಿಯಾಯಿತು. ಆ ದಿನದಿಂದ ಬಸ್ಸೆಂದರೆ ಜನ ಹಿಂದೆ ಸರಿಯತೊಡಗಿದರು.

ವಾಸ್ತವ ಏನೆಂಬುದಕ್ಕೆ ಈ ಊರಿನ ಚರಂಡಿಯೇ ಸಾಕ್ಷಿ. ಹೌದು, ಚರಂಡಿ. ತಾರ್ನಾಕ ಬಳಿಯ ಸಿಸಿಎಂಬಿ ಮತ್ತು ಐಐಸಿಟಿ ಎಂಬ ಎರಡು ಕೇಂದ್ರ ಪ್ರಯೋಗಾಲಯಗಳ ವಿಜ್ಞಾನಿಗಳು ಕೊಳಚೆ ನೀರು ಶುದ್ಧೀಕರಣ ಘಟಕಗಳಿಂದ ಮಾದರಿ ತೆಗೆದು, ಅದರಲ್ಲಿ ವೈರಾಣುವಿನ ತುಣುಕು ಎಷ್ಟಿದೆ ಎಂದು ಲೆಕ್ಕ ಹಾಕಿದರು. ಸೋಂಕು ತಗುಲಿದವರ ಮಲದಲ್ಲಿ ಸುಮಾರು 35 ದಿನಗಳವರೆಗೂ ಆ ತುಣುಕು ಹೋಗುತ್ತಿರುತ್ತದೆ. 2020ರ ಆಗಸ್ಟ್‌ನಲ್ಲಿ ಅವರು ಮುಂದಿಟ್ಟ ಅಂದಾಜು: ಆ ಹೊತ್ತಿಗೆ ನಗರದಲ್ಲಿ ಸುಮಾರು 6.6 ಲಕ್ಷ ಜನರಿಗೆ ಸೋಂಕು ತಗುಲಿ ಹೋಗಿತ್ತು ಅಥವಾ ಇನ್ನೂ ಇತ್ತು.

ಈಗ ತಾರೀಖು ಹೊಂದಿಸಿ ನೋಡಿ. ಆಗಸ್ಟ್‌ನಲ್ಲಿ ಸಿಟಿ ಬಸ್ಸಿಲ್ಲ, ಮೆಟ್ರೊ ಇಲ್ಲ, ಎಂಎಂಟಿಎಸ್ ಇಲ್ಲ. ಅಗತ್ಯ ಸೇವೆಯ ನೌಕರರನ್ನು ಕರೆದೊಯ್ಯುವ ಕೆಲವು ಗಾಡಿ ಬಿಟ್ಟರೆ ಐದು ತಿಂಗಳಿಂದ ಎಲ್ಲ ಡಿಪೊದಲ್ಲೇ. ಬಸ್ಸು ಓಡದ ಊರಿನಲ್ಲಿ ಆರೂವರೆ ಲಕ್ಷ ಮಂದಿಗೆ ಸೋಂಕು ಮುಟ್ಟಿತ್ತು. ಮನೆ, ಮಾರುಕಟ್ಟೆ, ಮದುವೆ, ಆಸ್ಪತ್ರೆ, ಮೂವರ ಜಾಗಕ್ಕೆ ಆರು ಮಂದಿ ತುಂಬಿದ ಷೇರ್ ಆಟೊ ಇವೆಲ್ಲ ನಡೆದೇ ಇದ್ದವಲ್ಲ.

ಹಾಗೆಂದು ಕಿಕ್ಕಿರಿದ ಬಸ್ಸು ನಿರಪಾಯಕಾರಿ ಎಂದು ನಾನು ಹೇಳುತ್ತಿಲ್ಲ. ಗಾಳಿಯಾಡದ ಮುಚ್ಚಿದ ಜಾಗದಲ್ಲಿ ಹೆಚ್ಚು ಹೊತ್ತು ಇರುವುದೇ ಮುಖ್ಯ ಅಪಾಯ ಎಂಬುದು ಆಮೇಲೆ ಎಲ್ಲರೂ ಒಪ್ಪಿದ ಮಾತು. ಆ ಲೆಕ್ಕದಲ್ಲಿ ಕಿಟಕಿ ತೆರೆದ, ಬಾಗಿಲೂ ಇಲ್ಲದ ನಮ್ಮ ಸಿಟಿ ಆರ್ಡಿನರಿ ಬಸ್ಸಿಗಿಂತ ಗಾಜು ಏರಿಸಿ ಎಸಿ ಹಾಕಿದ ಟ್ಯಾಕ್ಸಿ ಯಾವ ದೃಷ್ಟಿಯಿಂದಲೂ ಸುರಕ್ಷಿತವಲ್ಲ. ಆದರೂ ಟ್ಯಾಕ್ಸಿ ಮೇ ತಿಂಗಳಲ್ಲಿ ಬಂತು, ಬಸ್ಸು ಸೆಪ್ಟೆಂಬರ್ ಕೊನೆಗೆ.

ಇದು ವಿಜ್ಞಾನದ ಅನಿವಾರ್ಯತೆ ಆಗಿರಲಿಲ್ಲ ಎನ್ನಲು ಬೆಂಗಳೂರನ್ನು ನೋಡಿದರೆ ಸಾಕು. ಅಲ್ಲಿ ಬಿಎಂಟಿಸಿ ಬಸ್ಸುಗಳು 2020ರ ಮೇ 19ಕ್ಕೇ ಬೀದಿಗಿಳಿದವು. ಮೊದಮೊದಲು ದಿನಕ್ಕೆ 70 ರೂಪಾಯಿ ಅಥವಾ ವಾರಕ್ಕೆ 300 ರೂಪಾಯಿ ಪಾಸ್ ಇದ್ದವರಿಗೆ ಮಾತ್ರ ಎಂಬ ನಿಯಮ ಇತ್ತು. ಕೂಲಿಯವರಿಗೆ ಅದೂ ಭಾರವೇ. ಆದರೆ ಬಸ್ಸಂತೂ ಇತ್ತು. ಅದೇ ರೋಗ, ಅದೇ ದೇಶ, ಎರಡು ಊರು. ಒಂದರಲ್ಲಿ ಎರಡು ತಿಂಗಳು, ಇನ್ನೊಂದರಲ್ಲಿ ಆರು.

ತಪ್ಪು ಕಲ್ಪನೆ: ಊರಿಗೆ ಊರೇ ಮನೆಯಲ್ಲಿ ಕೂತು ಕೆಲಸ ಮಾಡಿತು.

ತೆಲಂಗಾಣ ಸರ್ಕಾರದ ಲೆಕ್ಕದ ಪ್ರಕಾರ 2019-20ರಲ್ಲಿ ರಾಜ್ಯದ ಐಟಿ ವಲಯದಲ್ಲಿದ್ದವರು ಸುಮಾರು 5.8 ಲಕ್ಷ. ಬಹುಪಾಲು ಮಾಧಾಪುರ, ಗಚ್ಚಿಬೌಲಿ, ಹೈಟೆಕ್ ಸಿಟಿ ಸುತ್ತಮುತ್ತ. ಹೈದರಾಬಾದ್ ನಗರ ಸಮೂಹದ ಜನಸಂಖ್ಯೆ 2011ರಲ್ಲೇ 77 ಲಕ್ಷ. ಉಳಿದವರು ಲ್ಯಾಪ್‌ಟಾಪಿನಲ್ಲಿ ಇಟ್ಟಿಗೆ ಹೊರುತ್ತಿದ್ದರೇ?

ನಮ್ಮ ಅಪಾರ್ಟ್‌ಮೆಂಟಿಗೆ ಕೆಲಸಕ್ಕೆ ಬರುವ ಅಕ್ಕ ಒಬ್ಬರಿದ್ದಾರೆ. ಸೇಡಂ ಕಡೆಯವರು. ಹಳೇ ಊರಿನ ಉಪ್ಪುಗೂಡದಲ್ಲಿ ಬಾಡಿಗೆ ಕೋಣೆ. ಮೊದಲು ಎಂಎಂಟಿಎಸ್ ಹತ್ತಿ ಕಾಚಿಗುಡದಲ್ಲಿ ಇಳಿಯುತ್ತಿದ್ದರು. ರೈಲು ನಿಂತ ಮೇಲೆ, ಕೆಲಸಕ್ಕೆ ಮತ್ತೆ ಕರೆ ಬಂದ ದಿನ ಗೇಟಿನ ಹೊರಗೇ ನಿಂತು ಅವರು ಹೇಳಿದ ಮಾತು ನನಗೆ ಇನ್ನೂ ನೆನಪಿದೆ: "ಬಾ ಅಂದ್ರಿ, ಬಂದೀನ್ರಿ ಅಣ್ಣಾ. ಹ್ಯಾಂಗ ಬಾ ಅಂತ ಯಾರೂ ಹೇಳಲಿಲ್ಲ." ದಿನಕ್ಕೆ ಹತ್ತು ರೂಪಾಯಿಯಲ್ಲಿ ಮುಗಿಯುತ್ತಿದ್ದ ಹೋಗಿಬರುವ ಖರ್ಚು ಆಟೊಗೆ ಹಲವು ಪಟ್ಟಾಯಿತು. ಒಂದೆರಡು ವಾರ ಕೊಟ್ಟರು. ಆಮೇಲೆ ಮಲಕ್‌ಪೇಟೆವರೆಗೆ ಷೇರ್ ಆಟೊ, ಮುಂದೆ ನಡಿಗೆ. ನಾನು ಸ್ಕೂಟರ್ ಕೊಂಡದ್ದು ಅದೇ ತಿಂಗಳು.

ನಗರದ ಪ್ರಯಾಣದ ರೂಢಿ ಬದಲಾಯಿತು ಎಂದು ನಾವು ಹೇಳುವಾಗ ಈ ಎರಡನ್ನೂ ಒಂದೇ ಚೀಲಕ್ಕೆ ಹಾಕುತ್ತೇವೆ. ನಾನು ಬದಲಾಯಿಸಿಕೊಂಡೆ. ಅವರ ಕಾಲಡಿಯಿಂದ ಗಾಡಿಯನ್ನೇ ಎಳೆದುಕೊಂಡರು.

ಇನ್ನು ಊರು ಬಿಟ್ಟೇ ಹೋಗಬೇಕಾದವರು. ದೇಶದ ಮೊದಲ ಶ್ರಮಿಕ ವಿಶೇಷ ರೈಲು ಹೊರಟದ್ದು ಈ ಹೈದರಾಬಾದಿನ ಲಿಂಗಂಪಲ್ಲಿಯಿಂದಲೇ. 2020ರ ಮೇ 1ರ ನಸುಕಿನಲ್ಲಿ, ಕಂದಿಯಲ್ಲಿ ಐಐಟಿ ಕಟ್ಟಡ ಕಟ್ಟುತ್ತಿದ್ದ ಜಾರ್ಖಂಡದ ಕೂಲಿಗಳು ಸೇರಿ ಸುಮಾರು 1,200 ಮಂದಿಯನ್ನು 24 ಬೋಗಿಗಳಲ್ಲಿ ಅದು ರಾಂಚಿ ಬಳಿಯ ಹಟಿಯಾಕ್ಕೆ ಕರೆದೊಯ್ದಿತು. ಲಿಂಗಂಪಲ್ಲಿ ಎಂಎಂಟಿಎಸ್‌ನ ಒಂದು ತುದಿಯೂ ಹೌದು. ಅಲ್ಲಿಂದ ಜಾರ್ಖಂಡಕ್ಕೆ ರೈಲು ಸಿಕ್ಕಿತು. ಅಲ್ಲಿಂದ ಬೇಗಂಪೇಟೆಗೆ ಸಿಗಲು ಇನ್ನೂ ಸುಮಾರು ಹದಿನಾಲ್ಕು ತಿಂಗಳು ಕಾಯಬೇಕಾಯಿತು.

ತಪ್ಪು ಕಲ್ಪನೆ: ಬಸ್ಸುಗಳು ಕಡಿಮೆಯಾದದ್ದು ಕೊರೊನಾದಿಂದ.

ಇದು ಬಹಳ ಅನುಕೂಲದ ಸುಳ್ಳು. ವೈರಾಣು ಬಂದು ಎದುರು ವಾದ ಮಾಡುವುದಿಲ್ಲ, ಆದ್ದರಿಂದ ಅದರ ತಲೆಗೆ ಏನು ಬೇಕಾದರೂ ಕಟ್ಟಬಹುದು.

ಬಸ್ಸು ಕಡಿಮೆಯಾದದ್ದು ಅದಕ್ಕೂ ಮೊದಲೇ. 2019ರ ಅಕ್ಟೋಬರ್ 5ರಿಂದ ರಾಜ್ಯದ ಬಸ್ ಸಂಸ್ಥೆಯಾದ ಆರ್‌ಟಿಸಿಯ ಸುಮಾರು 48 ಸಾವಿರ ನೌಕರರು 52 ದಿನ ಮುಷ್ಕರ ಹೂಡಿದರು. ಸಂಸ್ಥೆಯನ್ನು ಸರ್ಕಾರದಲ್ಲಿ ವಿಲೀನಗೊಳಿಸಿ ಎಂಬುದು ಮುಖ್ಯ ಬೇಡಿಕೆ. ಮುಷ್ಕರ ಮುಗಿದ ಮೇಲೆ, ಡಿಸೆಂಬರ್ ಮೊದಲ ವಾರದಲ್ಲಿ ಕಿಲೋಮೀಟರಿಗೆ 20 ಪೈಸೆಯಂತೆ ದರ ಏರಿತು. ನಷ್ಟದ ಹೆಸರಿನಲ್ಲಿ ಹೈದರಾಬಾದಿನ ರಸ್ತೆಗಳಿಂದ ಸಾವಿರದ ಹತ್ತಿರ ಸಿಟಿ ಬಸ್ಸುಗಳನ್ನು ತೆಗೆದರು. ಇಷ್ಟೆಲ್ಲ ಆದಾಗ ವುಹಾನ್ ಎಂಬ ಊರಿನ ಹೆಸರೂ ನಮಗೆ ಗೊತ್ತಿರಲಿಲ್ಲ.

ಮಹಾಮಾರಿ ಮಾಡಿದ್ದು ಏನೆಂದರೆ, ಆ ಕಡಿತವನ್ನು ಮುಚ್ಚಿಹಾಕಿತು. ಆರು ತಿಂಗಳು ಒಂದೂ ಬಸ್ಸಿಲ್ಲದ ಊರಿಗೆ ಸೆಪ್ಟೆಂಬರ್‌ನಲ್ಲಿ ಕಾಲು ಭಾಗ ಬಂದಾಗ ಜನ ಸಂತೋಷಪಟ್ಟರೇ ಹೊರತು, ಯಾವುದರ ಕಾಲು ಭಾಗ ಎಂದು ಲೆಕ್ಕ ಕೇಳಲಿಲ್ಲ. ಸಿಟಿ ಬಸ್ಸು ಡಿಪೊದಲ್ಲಿ ನಿಂತಿದ್ದ 2020ರ ಜೂನ್‌ನಲ್ಲೇ ಆರ್‌ಟಿಸಿ ಊರೂರಿಗೆ ಕಾರ್ಗೊ ಮತ್ತು ಪಾರ್ಸೆಲ್ ಸೇವೆ ಶುರು ಮಾಡಿತು. ಸಂಸ್ಥೆಯ ಆದಾಯಕ್ಕೆ ಅದು ಬೇಕಿತ್ತು, ಸರಿ. ಆದರೂ ಮಾವಿನ ಬುಟ್ಟಿಗೆ ಆರ್‌ಟಿಸಿ ಗಾಡಿ ಸಿಕ್ಕ ಹೊತ್ತಿನಲ್ಲಿ ಕೋಠಿಯಿಂದ ಕೊಂಡಾಪುರಕ್ಕೆ ಹೋಗುವ 127ಕೆ ಇರಲಿಲ್ಲ ಎಂಬುದು ಮನಸ್ಸಿನಲ್ಲಿ ಉಳಿಯುತ್ತದೆ.

ನಮ್ಮ ಕಡೆಯವರಿಗೆ ಈ ಸಂಸ್ಥೆಯ ಮೇಲೆ ಸ್ವಲ್ಪ ಹಕ್ಕಿನ ಪ್ರೀತಿ ಇದೆ. 1932ರಲ್ಲಿ ನಿಜಾಮರ ರೈಲ್ವೆಯ ಒಂದು ಅಂಗವಾಗಿ 27 ಬಸ್ಸು, 166 ನೌಕರರಿಂದ ಇದು ಹುಟ್ಟಿದಾಗ ಬೀದರ್, ಗುಲಬರ್ಗಾ, ರಾಯಚೂರು ಜಿಲ್ಲೆಗಳೂ ಅದೇ ಸಂಸ್ಥಾನದಲ್ಲಿದ್ದವು. ಸಾರಿಗೆ ಲಾಭಕ್ಕೋ ಜನಕ್ಕೋ ಎಂಬ ಜಗಳ ಅವತ್ತಿನಿಂದಲೂ ಇದ್ದೇ ಇರಬೇಕು.

ತಪ್ಪು ಕಲ್ಪನೆ: ಮೆಟ್ರೊ ಇದೆಯಲ್ಲ, ಎಲ್ಲರಿಗೂ ಆಯಿತು.

ಮೆಟ್ರೊ ಚೆನ್ನಾಗಿದೆ. ಅದರ ಬಗ್ಗೆ ನನಗೆ ತಕರಾರಿಲ್ಲ, ಎಲ್ಲರಿಗೂ ಆಯಿತು ಎಂಬ ಮಾತಿನ ಬಗ್ಗೆ ಇದೆ. 2017ರ ನವೆಂಬರ್‌ನಲ್ಲಿ ಶುರುವಾಗಿ ಮೂರು ಮಾರ್ಗ, 69 ಕಿಲೋಮೀಟರ್ ಆಯಿತು. ಕೊರೊನಾಕ್ಕೆ ಮೊದಲು ದಿನಕ್ಕೆ ನಾಲ್ಕು ಲಕ್ಷದಷ್ಟು ಜನ ಹತ್ತುತ್ತಿದ್ದರು. 2023ರ ಜುಲೈನಲ್ಲಿ ಒಂದೇ ದಿನದ ಲೆಕ್ಕ ಐದು ಲಕ್ಷ ದಾಟಿತು. ಸೋಂಕಿನ ಭಯಕ್ಕೆ ಜನ ಸಾರ್ವಜನಿಕ ವಾಹನವನ್ನು ಶಾಶ್ವತವಾಗಿ ಬಿಟ್ಟರು ಎನ್ನುವವರಿಗೆ ಈ ಅಂಕಿಯೇ ಉತ್ತರ. ಹತ್ತಲು ಗಾಡಿ ಇದ್ದರೆ ಜನ ಹತ್ತುತ್ತಾರೆ.

ಎಲ್ಲಿ ಇದೆ ಎಂಬುದು ಬೇರೆ ಪ್ರಶ್ನೆ. ಮೂರನೆಯ ಹಸಿರು ಮಾರ್ಗ ಮೂಲ ಯೋಜನೆಯಲ್ಲಿ ಸಿಕಂದರಾಬಾದಿನ ಜೂಬಿಲಿ ಬಸ್ ನಿಲ್ದಾಣದಿಂದ ಹಳೇ ಊರಿನ ಫಲಕ್‌ನುಮಾವರೆಗೆ. ಕಟ್ಟಿದ್ದು ಮಹಾತ್ಮ ಗಾಂಧಿ ಬಸ್ ನಿಲ್ದಾಣದವರೆಗೆ, ಅಂದರೆ ಮೂಸಿ ನದಿಯ ದಡದವರೆಗೆ ಮಾತ್ರ. ಉಳಿದ ಐದೂವರೆ ಕಿಲೋಮೀಟರ್ ಕಾಗದದಲ್ಲೇ ಉಳಿಯಿತು. ಬೀದರಿನಿಂದಲೋ ಕಲಬುರಗಿಯಿಂದಲೋ ಬಸ್ಸಿನಲ್ಲಿ ಬಂದು ಅಲ್ಲಿ ಇಳಿದವರು ಮೆಟ್ರೊ ಹತ್ತಿ ಸಿಕಂದರಾಬಾದಿಗೆ ಹೋಗಬಹುದು, ಚಾರ್‌ಮಿನಾರಿಗೆ ಹೋಗಲಾರರು. ಹಳೇ ಊರಿನ ಕಡೆಗಿನ ಮಾರ್ಗಕ್ಕೆ ಅಡಿಗಲ್ಲು ಬಿದ್ದದ್ದು 2024ರ ಮಾರ್ಚ್ 8ಕ್ಕೆ.

ಅದು ತೆರೆಯುವವರೆಗೆ ಯಾಕುತ್ಪುರ, ಉಪ್ಪುಗೂಡ, ಫಲಕ್‌ನುಮಾ ಕಡೆಯವರಿಗೆ ಹಳಿ ಎಂದರೆ ಎಂಎಂಟಿಎಸ್ ಒಂದೇ. 2003ರ ಆಗಸ್ಟ್ 9ರಂದು ಶುರುವಾದ ಈ ರೈಲು ಕೊರೊನಾಕ್ಕೆ ಮೊದಲು ದಿನಕ್ಕೆ 120ರ ಆಸುಪಾಸು ಓಡಾಟ ನಡೆಸುತ್ತಿತ್ತು. ಮತ್ತೆ ಶುರುವಾದ ದಿನ ಹತ್ತು. ಮೆಟ್ರೊ ಇಲ್ಲದ ಕಡೆಯಲ್ಲೇ ರೈಲು ಹದಿನೈದು ತಿಂಗಳು ನಿಂತಿತು ಎಂಬುದನ್ನು ಇನ್ನೊಮ್ಮೆ ಓದಿಕೊಳ್ಳಿ.

ಹಸಿರು ಮಾರ್ಗದಲ್ಲಿ ಗಾಂಧಿ ಆಸ್ಪತ್ರೆ ಎಂಬ ನಿಲ್ದಾಣವಿದೆ. ಮಾರ್ಗ ತೆರೆದದ್ದು 2020ರ ಫೆಬ್ರವರಿಯಲ್ಲಿ. ಆರು ವಾರ ಓಡಿತು, ನಿಂತಿತು. ಅಷ್ಟರಲ್ಲಿ ಗಾಂಧಿ ಆಸ್ಪತ್ರೆ ರಾಜ್ಯದ ಮುಖ್ಯ ಕೊರೊನಾ ಆಸ್ಪತ್ರೆಯಾಗಿತ್ತು. ಬಾಗಿಲಿಗೇ ಬಂದ ಹೊಸ ನಿಲ್ದಾಣಕ್ಕೆ ಬೀಗ. ಒಳಗೆ ವಾರ್ಡ್ ಬಾಯ್, ಆಯಾ, ಕಸ ಗುಡಿಸುವವರು ಪಾಳಿಯ ಮೇಲೆ ಪಾಳಿ.

ದರದ ಮಾತು ಚಿಕ್ಕದು. 2025ರ ಮೇವರೆಗೆ ಮೆಟ್ರೊ ಟಿಕೆಟ್ 10ರಿಂದ 60 ರೂಪಾಯಿ ಇತ್ತು. ಆ ತಿಂಗಳು 12ರಿಂದ 75ಕ್ಕೆ ಏರಿಸಿ, ಗಲಾಟೆಯಾದ ಮೇಲೆ ರಿಯಾಯಿತಿ ಕೊಟ್ಟು 11ರಿಂದ 69ಕ್ಕೆ ತಂದರು. ಸಂಬಳದವರಿಗೆ ಇದು ಪೆಟ್ರೋಲಿಗಿಂತ ಅಗ್ಗ. ಅಡ್ಡಾದಲ್ಲಿ ನಿಂತು ಇವತ್ತು ಕೂಲಿ ಸಿಗುತ್ತದೋ ಇಲ್ಲವೋ ಎಂದು ಕಾಯುವವರಿಗೆ, ಕೂಲಿ ಸಿಗದ ದಿನವೂ ಕೊಡಬೇಕಾದ ದುಡ್ಡು.

ತಪ್ಪು ಕಲ್ಪನೆ: ಮಹಾಮಾರಿ ಜನರನ್ನು ಸೈಕಲ್ಲಿಗೆ ಮರಳಿಸಿತು.

ಕೆಲವರನ್ನು, ಬೆಳಿಗ್ಗೆ ಆರರಿಂದ ಎಂಟರವರೆಗೆ. 2023ರ ಅಕ್ಟೋಬರ್ 1ರಂದು ಹೊರವರ್ತುಲ ರಸ್ತೆಯ ಪಕ್ಕದಲ್ಲಿ, ನಾನಕ್‌ರಾಮ್‌ಗುಡ ಮತ್ತು ನರ್ಸಿಂಗಿ ಕಡೆ, 23 ಕಿಲೋಮೀಟರ್ ಸೈಕಲ್ ಪಥ ತೆರೆದರು. ಮೇಲೆ ಸೌರಫಲಕದ ಮಾಡು, ಕೆಳಗೆ ನುಣುಪಾದ ನೆಲ. ನೋಡಲು ಚೆಂದ. ಅಲ್ಲಿಗೆ ಬರುವ ಅನೇಕರು ಸೈಕಲ್ಲನ್ನು ಕಾರಿನ ಹಿಂದೆ ಕಟ್ಟಿಕೊಂಡು ಬರುತ್ತಾರೆ. ಹಾಲಿನ ಕ್ಯಾನ್ ಕಟ್ಟಿದ, ಕರಣೆ ತೂಗುಹಾಕಿದ ಸೈಕಲ್ಲುಗಳು ಊರೊಳಗೆ ಬಸ್ಸು ಲಾರಿಗಳ ನಡುವೆ ಮೊದಲಿನಂತೆಯೇ ಜೀವ ಹಿಡಿದುಕೊಂಡು ಹೋಗುತ್ತಿವೆ. ಅವು ಎಲ್ಲಿಗೂ ಹೋಗಿರಲಿಲ್ಲ, ಮರಳುವುದಕ್ಕೆ.

ತಪ್ಪು ಕಲ್ಪನೆ: ಈಗ ಹೆಂಗಸರಿಗೆ ಬಸ್ಸು ಉಚಿತ. ಅಲ್ಲಿಗೆ ಅಸಮಾನತೆ ಮುಗಿಯಿತು.

ಅರ್ಧ ನಿಜ, ಅದೂ ದೊಡ್ಡ ಅರ್ಧ. ಕರ್ನಾಟಕದಲ್ಲಿ 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು. ತೆಲಂಗಾಣದಲ್ಲಿ ಅದೇ ವರ್ಷ ಡಿಸೆಂಬರ್ 9ಕ್ಕೆ ಮಹಾಲಕ್ಷ್ಮಿ. 2025ರ ಜುಲೈ ಹೊತ್ತಿಗೆ ಇಲ್ಲಿ ಜೀರೊ ಟಿಕೆಟ್‌ನ ಸಂಖ್ಯೆ 200 ಕೋಟಿ ಮುಟ್ಟಿತು. ಸಿಕಂದರಾಬಾದಿನಿಂದ ಪಟಾನ್‌ಚೆರುವಿಗೆ ಹೋಗುವ 219ರಲ್ಲಿ ಈಗ ಕಾಲಿಡಲು ಜಾಗವಿಲ್ಲ. ಗಂಡಸರು ಗೊಣಗುತ್ತಾರೆ, ಆಟೊದವರು ತಮ್ಮ ಹೊಟ್ಟೆಗೆ ಬಿತ್ತೆಂದು ಬೀದಿಗಿಳಿದರು. ಆದರೆ ಈ ನೂಕುನುಗ್ಗಲನ್ನು ನಾನು ಬೇರೆ ರೀತಿ ಓದುತ್ತೇನೆ. ಇಷ್ಟು ಹೆಂಗಸರು ಎಲ್ಲಿಂದ ಬಂದರು? ಅವರು ಮೊದಲೂ ಇದೇ ಊರಿನಲ್ಲಿದ್ದರು. ನಡೆಯುತ್ತಿದ್ದರು, ಇಲ್ಲವೇ ಹೋಗದೇ ಉಳಿಯುತ್ತಿದ್ದರು. ದುಡ್ಡಿಲ್ಲದೆ ಮನೆಯಲ್ಲೇ ಉಳಿದವರನ್ನು ಯಾವ ಟ್ರಾಫಿಕ್ ಸಮೀಕ್ಷೆಯೂ ಎಣಿಸುವುದಿಲ್ಲ. ಟಿಕೆಟ್ ಉಚಿತ ಮಾಡಿ, ತಕ್ಕಷ್ಟು ಬಸ್ಸು ಬಿಡದಿದ್ದರೆ ಹಕ್ಕು ಕೊಟ್ಟು ಬಾಗಿಲಲ್ಲಿ ನೇತಾಡಿಸಿದಂತೆ. 2019ರಲ್ಲಿ ತೆಗೆದ ಸಾವಿರ ಬಸ್ಸಿನ ಪ್ರಶ್ನೆ ಇಲ್ಲಿ ಮತ್ತೆ ಬರುತ್ತದೆ.

ಇನ್ನರ್ಧ ನಮ್ಮವರಿಗೆ ಸಂಬಂಧಿಸಿದ್ದು. ಎರಡೂ ಯೋಜನೆಗಳು ಆಯಾ ರಾಜ್ಯದ ನಿವಾಸಿಗಳಿಗೆ ಮಾತ್ರ. ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಬಂದು ಇಲ್ಲಿ ಕಟ್ಟಡ ಕಟ್ಟುವ, ಮನೆಗೆಲಸ ಮಾಡುವ ಹೆಣ್ಣುಮಕ್ಕಳ ಆಧಾರ್ ಕಾರ್ಡಿನಲ್ಲಿ ಊರಿನ ವಿಳಾಸವೇ ಇರುತ್ತದೆ. ರೇಷನ್ನು, ಓಟು ಎಲ್ಲ ಅಲ್ಲೇ ಇರುವಾಗ ಬದಲಾಯಿಸಿಕೊಳ್ಳುವುದು ಹೇಗೆ? ಊರಿನಲ್ಲಿ ಶಕ್ತಿ ಇದೆ, ಆದರೆ ಅವರು ಊರಲ್ಲಿಲ್ಲ. ಇಲ್ಲಿ ಮಹಾಲಕ್ಷ್ಮಿ ಇದ್ದಾಳೆ, ಆದರೆ ಇವರು ಇಲ್ಲಿಯವರಲ್ಲ. ಪಕ್ಕದ ಸೀಟಿನವರಿಗೆ ಜೀರೊ ಟಿಕೆಟ್ ಕೊಟ್ಟ ಕಂಡಕ್ಟರ್ ಇವರ ಕಾರ್ಡು ತಿರುಗಿಸಿ ನೋಡಿ, "ಇದಿ ಕರ್ನಾಟಕಾದಿ ಅಮ್ಮಾ" ಎಂದು ದುಡ್ಡು ಕೇಳಲೇಬೇಕು. ತಪ್ಪು ಅವರದಲ್ಲ, ನಿಯಮವೇ ಹಾಗಿದೆ. ಎರಡು ರಾಜ್ಯಗಳೂ ಮನಸ್ಸು ಮಾಡಿದರೆ ಒಂದು ಒಪ್ಪಂದದಲ್ಲಿ ಸರಿಯಾಗುವ ಸಂಗತಿ. ಇಲ್ಲಿನ ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ಮಂತ್ರಿಗಳನ್ನು ಕರೆಸಿದಾಗ ಹಾರ ತುರಾಯಿಯ ಜೊತೆ ಈ ಅರ್ಜಿಯೊಂದನ್ನೂ ಕೈಗಿಡಬೇಕು.

ಅಂದಹಾಗೆ, ಜನ ಕೆಲಸಕ್ಕೆ ಯಾವುದರಲ್ಲಿ, ಎಷ್ಟು ದೂರ ಹೋಗುತ್ತಾರೆ ಎಂದು ಮನೆಮನೆಗೆ ಹೋಗಿ ಕೇಳಿದ್ದು 2011ರ ಜನಗಣತಿ. 2021ರಲ್ಲಿ ನಡೆಯಬೇಕಿದ್ದ ಮುಂದಿನ ಗಣತಿಯನ್ನು ಕೊರೊನಾ ಮುಂದೂಡಿತು, ಅದು 2027ಕ್ಕೆ ಹೋಗಿದೆ. ಮಹಾಮಾರಿ ಓಡಾಟವನ್ನು ಹೇಗೆ ಬದಲಿಸಿತು ಎಂದು ಅಧಿಕಾರದಿಂದ ಮಾತನಾಡುವವರ ಹತ್ತಿರ, ಇಡೀ ಊರನ್ನು ಎಣಿಸಿದ ಹೊಸ ಲೆಕ್ಕ ಇಲ್ಲ ಎಂಬುದನ್ನು ನೆನಪಿಟ್ಟುಕೊಳ್ಳಿ.

ಸೇಡಂ ಕಡೆಯ ಅಕ್ಕ ಈಗ ಮತ್ತೆ ರೈಲಿನಲ್ಲೇ ಬರುತ್ತಾರೆ. ಗಾಡಿಗಳು ಕಡಿಮೆ, ಒಂದು ತಪ್ಪಿದರೆ ಬಹಳ ಹೊತ್ತು ಕಾಯಬೇಕು. ಹಾಗಾಗಿ ಮೊದಲಿಗಿಂತ ಬೇಗ ಮನೆ ಬಿಡುತ್ತಾರೆ. ಉಪ್ಪುಗೂಡದಿಂದ ಕಾಚಿಗುಡಕ್ಕೆ ಟಿಕೆಟ್ ಈಗಲೂ ಐದು ರೂಪಾಯಿ.